ಇರುವೆಯ ಮೂವತ್ತನೇ ಅಧ್ಯಾಯ

ಏಳನೇ ಮಹಡಿಯಿಂದ ಲಿಫ್ಟ್ ನೆಲಕ್ಕಿಳಿಯುವಷ್ಟರಲ್ಲಿ ಕರಡಕ್ಕ ಒಂದು ಪ್ಯಾರಾ ಓದಿ ಮುಗಿಸಿದ್ದಳು. ಮನಸ್ಸಿನೊಳಗಲ್ಲ, ಗಟ್ಟಿಯಾಗಿ. ಮೂಲೆಯಲ್ಲಿದ್ದ ನರ್ಸು ಔಷಧಿಯ ತಟ್ಟೆಯನ್ನು ಎದೆಗೊತ್ತಿಕೊಂಡು, ಈ ಹೆಂಗಸನ್ನು ಯಾವ ವಾರ್ಡಿನವರು ಹೊರಗೆ ಬಿಟ್ಟರೋ ಎಂಬಂತೆ ನೋಡಿದಳು.

"ಎಷ್ಟಾಯ್ತೇ?"

"ನಲವತ್ತೊಂದು ಸೆಕೆಂಡು" ಎಂದಳು ನಾದಿನಿ, ಕೈಗಡಿಯಾರದಿಂದ ಕಣ್ಣು ತೆಗೆಯದೆ. "ಮೂರು ಸಲ ಇಳಿದ್ವಿ, ಮೂರು ಸಲಾನೂ ಅಷ್ಟೇ. ಇನ್ನೊಂದು ಸಲ ಹತ್ತಿದ್ರೆ ನಮ್ಮಿಬ್ಬರನ್ನೂ ಇಲ್ಲೇ ಅಡ್ಮಿಟ್ ಮಾಡ್ಕೊಳ್ತಾರೆ ಅತ್ತಿಗೆ."

ಬಾಗಿಲು ತೆರೆಯಿತು. ನರ್ಸು ಹೆಚ್ಚುಕಡಿಮೆ ಓಡಿದಳು. ಬಾಗಿಲು ಮತ್ತೆ ಕೂಡಿಕೊಳ್ಳುವ ಮುನ್ನ, ತಲೆಯ ಮೇಲಿನ ಜಾಲರಿಯಿಂದ ಭಾವವಿಲ್ಲದ ಹೆಣ್ಣುದನಿಯೊಂದು ನುಡಿಯಿತು.

"ಬಾಗಿಲು ಮುಚ್ಚುತ್ತಿದೆ. ದೂರ ನಿಲ್ಲಿ."

ಎಷ್ಟು ಸಲ ಕೇಳಿದರೂ ಕರಡಕ್ಕನ ಮೈ ಜುಮ್ಮೆನ್ನುತ್ತಿತ್ತು. ಆರು ತಿಂಗಳಿಂದ ಕಣ್ಣಲ್ಲಿ ಓದಿದ್ದ ಮಾತನ್ನು ಇವತ್ತು ಕಿವಿಯಲ್ಲಿ ಕೇಳಿದ್ದಳು.

'ಇರುವೆ' ಎಂಬ ಹೆಸರಿಟ್ಟುಕೊಂಡು ಯಾರೋ ಅಂತರ್ಜಾಲದ ಮೂಲೆಯಲ್ಲಿ ವಾರವಾರ ಬರೆಯುತ್ತಿದ್ದ ಕಾದಂಬರಿ ಐದು ವಾರದ ಹಿಂದೆ ಮೂವತ್ತನೇ ಅಧ್ಯಾಯಕ್ಕೆ ನಿಂತುಹೋಗಿತ್ತು. ಬರೆದ ಜೀವ ಇದೆಯೋ ಇಲ್ಲವೋ ತಿಳಿಯದೆ ಕರಡಕ್ಕನಿಗೆ ಅಂದಿನಿಂದ ಊಟ ಸೇರುತ್ತಿರಲಿಲ್ಲ.

ಅವಳ ಓದುಬಳಗದಲ್ಲಿ ಇದ್ದದ್ದು ಐದೇ ಜನ. ಇಪ್ಪತ್ತು ಓದುಗರೂ ಇಲ್ಲದ ಕತೆಗಳನ್ನು ಅಂತರ್ಜಾಲದಲ್ಲಿ ಅಗೆದು ತೆಗೆಯುವುದು, ಕೊನೆಯ ಸಾಲಿನವರೆಗೆ ಓದುವುದು, ಬರೆದವರಿಗೆ ನಾಲ್ಕು ಮಾತು ಬರೆಯುವುದು, ಒಬ್ಬರಾದರೂ ಓದಲಿ ಎಂದು ತಲಾ ಹತ್ತು ಜನಕ್ಕೆ ದಾಟಿಸುವುದು. ಇಷ್ಟೇ ಅವರ ಕೆಲಸ. ಮುನ್ನುಡಿಗಾಗಿ ದೊಡ್ಡವರ ಜಗಲಿ ಕಾಯಲಾಗದವರು, ಹಾರ ಹಾಕಿಸಿಕೊಂಡು ಬಿಡುಗಡೆ ಮಾಡಿಸಿಕೊಳ್ಳಲಾಗದವರು, ದುಡಿದು ಬಂದು ಬೆನ್ನು ನೆಟ್ಟಗಾಗುವ ಮೊದಲೇ ಬರೆಯಲು ಕೂರುವವರು. ಅಂಥವರ ಕತೆ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಪಟ್ಟಿ ಮಾಡುವವರಿಗೆ ಲಿಫ್ಟಿನಲ್ಲಿ ಗುಂಡಿ ಒತ್ತುವವರ ಮುಖ ನೆನಪಿರುವುದಿಲ್ಲವಲ್ಲ.

ಇರುವೆಯ ಕಾದಂಬರಿಯನ್ನು ಬಳಗಕ್ಕೆ ತಂದವಳು ನಾದಿನಿಯೇ. "ಎಲ್ಲೋ ಕಣ್ಣಿಗೆ ಬಿತ್ತು" ಎಂದಿದ್ದಳು. ಮೊದಲ ಅಧ್ಯಾಯಕ್ಕೇ ಐವರೂ ಮರುಳಾಗಿದ್ದರು.

ಕರಡಕ್ಕ ಕಿಸೆಗನ್ನಡಿಯನ್ನು ಮತ್ತೆ ಕಣ್ಣಿಗೆ ಹತ್ತಿರ ಹಿಡಿದಳು. ಮೊಬೈಲಿಗೆ ಬಳಗದ ಮೇಷ್ಟ್ರು ಕಟ್ಟಿದ ಹೆಸರದು. ಮೊದಮೊದಲು ಗೇಲಿಗೆ ಅಂದು ಅಂದು, ಈಗ ಐವರ ಬಾಯಿಗೂ ಅದೇ ಅಂಟಿಕೊಂಡಿತ್ತು.

ಅವಳು ಈಗಷ್ಟೇ ಓದಿದ ಪ್ಯಾರಾದ ಕೊನೆ ಹೀಗಿತ್ತು:

'ಅತ್ತೆ ಹೊಸಿಲಲ್ಲಿ ಕೂತು ಬೀಗದ ಕೈ ಎಣಿಸುತ್ತಿದ್ದಳು. ಮನೆಗಿದ್ದದ್ದು ಒಂದೇ ಬಾಗಿಲು. ಬೀಗದ ಕೈ ಮಾತ್ರ ಒಂಬತ್ತು. ಉಳಿದ ಎಂಟು ಯಾವ ಬಾಗಿಲಿನವು ಎಂದು ಕೇಳುವ ಧೈರ್ಯ ದೂರ ನಿಲ್ಲಿ ಸೊಸೆಗೆ ಬರಲಿಲ್ಲ.'

ಆ ನಡುವಿನ 'ದೂರ ನಿಲ್ಲಿ' ಎಂಬುದರ ಮೇಲೆ ಮೇಷ್ಟ್ರು ಮುಕ್ಕಾಲು ಗಂಟೆ ಮಾತಾಡಿದ್ದರು. ಅದು ಮನುಷ್ಯನ ಒಂಟಿತನದ ದನಿಯಂತೆ, ಲೇಖಕ ತನ್ನ ಪಾತ್ರಕ್ಕೂ ತನಗೂ ನಡುವೆ ಎಳೆದ ಗೆರೆಯಂತೆ. ಎಲ್ಲರೂ ತಲೆಯಾಡಿಸಿದ್ದರು.

ಕರಡಕ್ಕ ಆಡಿಸಿರಲಿಲ್ಲ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವಳು ಅವಳು. ಅಚ್ಚುಮೊಳೆ ಜೋಡಿಸುವ ಕಾಲದಿಂದಲೂ ತಪ್ಪುಗಳ ಜೊತೆ ಬಾಳಿದವಳು. ಸಾಲಿನ ಮಧ್ಯೆ ನುಸುಳಿದ ಮಾತು ಅವಳಿಗೆ ಬರೇ ಕಸ. ಕೆಂಪು ಪೆನ್ನಿನ ಕೈ ಸುಮ್ಮನಿರದೆ, ಒಂದು ಬುಧವಾರ ಇರುವೆಯ ಪುಟದ ಕೆಳಗೆ ಹೀಗೆ ಬರೆದಳು: 'ಬರೆದದ್ದನ್ನು ತಿರುಗಿ ಓದುವ ತಾಳ್ಮೆ ಇಲ್ಲದವರು ಓದುಗರಿಂದ ತಾಳ್ಮೆ ಕೇಳಬಾರದು.'

ಮರುದಿನ ಗುರುವಾರ ಮೂವತ್ತನೇ ಅಧ್ಯಾಯ ಬಂತು. ಏಳೇ ಸಾಲು. ಒಂದೂ ತಪ್ಪಿಲ್ಲ, ಒಂದೂ 'ದೂರ ನಿಲ್ಲಿ' ಇಲ್ಲ.

'ಇನ್ನು ಸಾಕು. ಎಷ್ಟು ಹೊತ್ತರೂ ಇರುವೆ ಇರುವೆಯೇ' ಎಂದು ಶುರುವಾಗಿ, 'ಈ ಕಿಸೆಗನ್ನಡಿಗೆ ಇಂದೇ ಬೀಗ. ಓದಿದ ಹದಿನಾಲ್ಕು ಮಂದಿಗೆ ಕೊನೆಯ ನಮಸ್ಕಾರ' ಎಂದು ಮುಗಿದಿತ್ತು.

ಆಮೇಲೆ ಮೌನ.

ಭಾನುವಾರ ನುಡಿನಮನ ಸಭೆ ಇಡೋಣ ಎಂದು ಮೇಷ್ಟ್ರು ಬಳಗಕ್ಕೆಲ್ಲ ತಿಳಿಸಿಯೂ ಆಗಿತ್ತು. ಕರಡಕ್ಕ ಮಾತ್ರ ಆ ಏಳು ಸಾಲನ್ನು ಬಿಟ್ಟು, ಹಳೆಯ ತಪ್ಪುಗಳನ್ನೇ ಮತ್ತೆ ತೆಗೆದು ಕೂತಳು. ಒಂದು ಕಡೆ 'ಅತ್ತೆ ಮನೆಗೆ ಬಂದಳು' ಎನ್ನುವ ಬದಲು 'ಹತ್ತಿ ಮನೆಗೆ ಬಂದಳು' ಎಂದಿತ್ತು. ಬೆರಳು ಮಾಡುವ ತಪ್ಪಲ್ಲ ಅದು. ಬೆರಳು ಪಕ್ಕದ ಅಕ್ಷರಕ್ಕೆ ಜಾರುತ್ತದೆ. ಇದು ಕಿವಿ ಮಾಡಿದ ತಪ್ಪು. ಅಂದರೆ ಯಾರೋ ಬಾಯಲ್ಲಿ ಹೇಳುತ್ತಿದ್ದಾರೆ, ಮೊಬೈಲು ಕೇಳಿ ಬರೆದುಕೊಳ್ಳುತ್ತಿದೆ. ಹಾಗಾದರೆ 'ದೂರ ನಿಲ್ಲಿ' ಅಂದವರು ಬೇರೆ ಯಾರೋ, ಪಕ್ಕದಲ್ಲಿದ್ದವರು. ಹದಿನೆಂಟನೇ ಅಧ್ಯಾಯದಲ್ಲಿ 'ಸ್ಟ್ರೆಚರ್ ಮೊದಲು ಬಿಡಿ' ಎಂಬ ಮಾತೂ ಸಿಕ್ಕಿತು. ಹನ್ನೊಂದರಲ್ಲಿ, ನಾಲ್ಕು ಹತ್ತಕ್ಕೆ ನಿಂತುಹೋದ ಗಡಿಯಾರದ ಕಂಬ. ಅಂಥ ಕಂಬ ಇದೇ ಊರಿನ ಪೇಟೆಬೀದಿಯಲ್ಲಿತ್ತು. ಪ್ಯಾರಾಗಳೆಲ್ಲ ಹೆಚ್ಚುಕಡಿಮೆ ಒಂದೇ ಅಳತೆ, ಗಟ್ಟಿಯಾಗಿ ಓದಿದರೆ ನಲವತ್ತು ಸೆಕೆಂಡು.

ನಲವತ್ತು ಸೆಕೆಂಡಿಗೊಮ್ಮೆ ಬಾಯಿ ಕಟ್ಟುವ ಕೆಲಸ ಯಾವುದು?

ಆಸ್ಪತ್ರೆಯ ಲಿಫ್ಟ್ ನಡೆಸುವುದು. ಅಷ್ಟು ಹೊತ್ತು ಇಳಿಯಲು ಏಳು ಮಹಡಿಯಾದರೂ ಬೇಕು, ಊರಿನಲ್ಲಿ ಅಂಥ ಆಸ್ಪತ್ರೆಗಳು ಮೂರು. ಯಾವುದು ಮೊದಲು ಎಂದು ನಿಶ್ಚಯಿಸಿದವಳು ನಾದಿನಿ. ಇದು ಮೂರನೆಯದು.

ಲಿಫ್ಟಿನ ಮೂಲೆಯಲ್ಲಿ ಮರದ ಸ್ಟೂಲೊಂದಿತ್ತು. ಕೂತು ಕೂತು ನಡುವೆ ತಗ್ಗುಬಿದ್ದ ಸ್ಟೂಲು. ಈಗ ಖಾಲಿ.

"ಇದಲ್ಲ ಅನ್ಸುತ್ತೆ ಅತ್ತಿಗೆ" ಎಂದಳು ನಾದಿನಿ. "ಆ ಹಳೇ ಟೆಲಿಫೋನ್ ಕಚೇರೀಲೂ ಲಿಫ್ಟ್ ಇದೆಯಲ್ಲ, ಅದನ್ನೂ ನೋಡಿಬಿಡೋಣ."

"ಟೆಲಿಫೋನ್ ಕಚೇರೀಲಿ ಸ್ಟ್ರೆಚರ್ ಯಾಕೇ ಇರುತ್ತೆ? ಫೋನಿಗೆ ಹುಷಾರಿಲ್ಲ ಅಂತಾನಾ?"

ನೆಲಮಹಡಿಯಲ್ಲಿ ಬೀಗದ ಕೈಗೊಂಚಲು ಬೆರಳಿಗೆ ಸುತ್ತಿಕೊಂಡ ಮೇಲ್ವಿಚಾರಕನೊಬ್ಬ ಗೋಡೆಗೊರಗಿ ನಿಂತಿದ್ದ. ಕರಡಕ್ಕ ನೇರ ಅವನ ಮುಂದೆ ಹೋಗಿ ನಿಂತಳು.

"ಆ ಸ್ಟೂಲ್ ಮೇಲೆ ಕೂರೋರು ಎಲ್ಲಪ್ಪಾ?"

"ಯಾರು, ಲಿಫ್ಟಮ್ಮನಾ? ಈಗ ಲಿಫ್ಟು ತಾನೇ ಓಡುತ್ತೆ ಮೇಡಮ್. ಗುಂಡಿ ಒತ್ತಿ, ಹೋಗ್ತಾ ಇರಿ."

"ಆಯಮ್ಮನಿಗೆ ಏನಾಯ್ತು?"

"ಏನಾಗುತ್ತೆ? ಲಾಂಡ್ರಿಗೆ ಹಾಕಿದ್ವಿ."

"ನೀವು ಅವರನ್ನ ಕೊನೇ ಸಲ ನೋಡಿದ್ದು ಯಾವಾಗ?"

ಅವನು ಗೊಂಚಲು ತಿರುಗಿಸುವುದನ್ನು ನಿಲ್ಲಿಸಿದ. "ಪೊಲೀಸ್ ಥರ ಕೇಳ್ತೀರಲ್ಲ. ಈಗ, ಹತ್ತು ನಿಮಿಷ ಆಯ್ತು. ದಿಂಬಿನ ಕವರು ಕಮ್ಮಿ ಬಂತು ಅಂತ ನನ್ನ ಜನ್ಮ ಜಾಲಾಡಿ ಹೋದ್ರು."

ಜನ್ಮ ಜಾಲಾಡಿ ಹೋದಳು. ಹತ್ತು ನಿಮಿಷದ ಹಿಂದೆ.

ಕರಡಕ್ಕ ನಾದಿನಿಯ ಕೈ ಹಿಡಿದೆಳೆದಳು. ತಿರುಗಿ ಲಿಫ್ಟಿನೊಳಗೆ ಹೋಗಿ ಆ ತಗ್ಗುಸ್ಟೂಲಿನ ಮೇಲೆ ಕೂತುಬಿಟ್ಟಳು. ಐದು ವಾರದಿಂದ ಎದೆಯ ಮೇಲಿದ್ದ ಚಪ್ಪಡಿಯನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಕಣ್ಣಲ್ಲಿ ನೀರು, ಬಾಯಲ್ಲಿ ನಗು. ದಿಂಬಿನ ಕವರಿಗಾಗಿ ಜಗಳವಾಡುವವರು ಸತ್ತಿರುವುದಿಲ್ಲ.

"ನಾನು ಹೇಳ್ಲಿಲ್ವಾ" ಎಂದಳು ನಾದಿನಿ. "ಸತ್ತಿರಲ್ಲ ಸುಮ್ಮನಿರಿ ಅಂತ ಮೊದಲನೇ ದಿನಾನೇ ಹೇಳಿದ್ದೆ."

"ಹೇಳಿದ್ದೆ ಮಾರಾಯ್ತಿ. ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು."

ಲಿಫ್ಟು ನೆಲಮಾಳಿಗೆಗೆ ಇಳಿಯಿತು. ಬಾಗಿಲು ತೆರೆದದ್ದೇ ಸೋಪಿನ ವಾಸನೆ, ಬಿಸಿ, ಗೋಡೆಯನ್ನೇ ನಡುಗಿಸುವ ಯಂತ್ರದ ಸದ್ದು. ನಾದಿನಿ ಲಿಫ್ಟಿನ ಎದುರಿನ ಬೆಂಚಿನ ಬಳಿಯೇ ನಿಂತಳು.

"ನೀವು ಹೋಗಿ ಬನ್ನಿ. ನಂಗೆ ಹಬೆ ಆಗಲ್ಲ."

"ಸರಿ, ಇದನ್ನ ಹಿಡ್ಕೋ" ಎಂದು ಕರಡಕ್ಕ ತನ್ನ ಬಟ್ಟೆಚೀಲವನ್ನು ಅವಳ ಕೈಗಿತ್ತಳು. ಚೀಲ ನಾದಿನಿ ಹೊಲಿದು ಕೊಟ್ಟದ್ದೇ. ಊರಿನ ಅರ್ಧ ಜನದ ಸಮವಸ್ತ್ರ ಹೊಲಿಯುವ ದರ್ಜಿ ಅವಳು. ಏನೇ ಹೊಲಿಯಲಿ, ಕೊನೆಯ ಗಂಟನ್ನು ಮಾತ್ರ ಕೆಂಪು ದಾರದಲ್ಲೇ ಹಾಕುತ್ತಾಳೆ. 'ನೀವೆಲ್ಲ ಹೆಸರು ಹಾಕ್ಕೋತೀರಿ, ನಾನು ಗಂಟು ಹಾಕ್ತೀನಿ' ಎನ್ನುತ್ತಾಳೆ.

ಲಾಂಡ್ರಿಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ನೀಲಿ ಕೋಟು ತೊಟ್ಟು ಒಬ್ಬಳೇ ಹಾಸುಬಟ್ಟೆ ಮಡಿಸುತ್ತಿದ್ದಳು. ಒಂದು ತುದಿಯನ್ನು ಗದ್ದದಲ್ಲಿ ಒತ್ತಿ, ಇನ್ನೊಂದನ್ನು ಕೈಚಾಚಿ ಹಿಡಿದು. ಕರಡಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನೆಲ್ಲ ಪಕ್ಕಕ್ಕಿಟ್ಟಳು. ಸುಮ್ಮನೆ ಹೋಗಿ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು.

ಹೆಂಗಸು ಹುಬ್ಬು ಗಂಟಿಕ್ಕಿದಳು. "ಯಾರು ಬೇಕು?"

"'ಹತ್ತಿ ಮನೆಗೆ ಬಂದಳು' ಅಂತ ಬರೆದೋರು ಬೇಕು."

"ಹತ್ತಿ ಯಾಕ್ರೀ ಮನೆಗೆ ಬರುತ್ತೆ? ಅತ್ತೆ. ಅತ್ತೆ ಮನೆಗೆ ಬಂದಳು."

ಹೇಳಿದ್ದೇ ತಡ, ಅವಳ ಕೈ ಗಾಳಿಯಲ್ಲೇ ನಿಂತಿತು. ದೊಡ್ಡ ಯಂತ್ರ ಅದೇ ಹೊತ್ತಿಗೆ ಸುತ್ತು ಮುಗಿಸಿ ಸುಮ್ಮನಾಯಿತು.

"ನೀವು ಓದಿದೀರಾ?" ಎಂದಳು, ಮೆಲ್ಲಗೆ.

"ಎಲ್ಲಾ ಅಧ್ಯಾಯಾನೂ. ಎರಡೆರಡು ಸಲ."

ಇಬ್ಬರೂ ಬಟ್ಟೆಯ ಎರಡು ತುದಿಗೆ ನಿಂತು ಒಬ್ಬರನ್ನೊಬ್ಬರು ನೋಡಿದರು. ಹೆಂಗಸು ಮೊದಲು ಚೇತರಿಸಿಕೊಂಡು ಮಡಿಕೆಗೆ ಹತ್ತಿರ ಬಂದಳು. ತುದಿ ಕೊಟ್ಟಳು, ಹಿಂದೆ ಸರಿದಳು.

"ಹದಿನಾಲ್ಕು ಜನ ಓದ್ತಾರೆ ಅಂತ ಗೊತ್ತಿತ್ತು" ಎಂದಳು. "ಹದಿನಾಲ್ಕು ಅಂದ್ರೆ ನಮ್ಮ ಲಿಫ್ಟು ಫುಲ್ಲು. ಹದಿನೈದನೆಯೋರು ಹತ್ತಿದ್ರೆ ಕುಯ್ ಅನ್ನುತ್ತೆ. ನಾನು ಖಾಲಿ ಲಿಫ್ಟಲ್ಲಿ ಇಳೀವಾಗ, ಆ ಹದಿನಾಲ್ಕು ಜನ ನನ್ನ ಸುತ್ತ ನಿಂತಿದಾರೆ ಅಂದ್ಕೊಂಡೇ ಹೇಳ್ತಾ ಇದ್ದೆ. ಕೆಳಗೆ ಜನ ಹತ್ತೋಷ್ಟರಲ್ಲಿ ಬಾಯಿ ಮುಚ್ಕೋಬೇಕು. ಅದಕ್ಕೇ ಕತೆ ತುಂಡು ತುಂಡು."

"ಮಧ್ಯದ ಮಹಡೀಲಿ ಬಾಗಿಲು ಸುಮ್ಮನೆ ತೆರೆದು ಮುಚ್ಚಿದಾಗ 'ದೂರ ನಿಲ್ಲಿ' ಅನ್ನುತ್ತಲ್ಲ?"

"ಅಯ್ಯೋ, ಆ ಲಿಫ್ಟಿನ ಹುಡುಗಿ ಮಾತೂ ಸೇರ್ಕೊಂಡಿದೆಯಾ ಅದರಲ್ಲಿ?" ಲಿಫ್ಟಮ್ಮ ನಾಲಿಗೆ ಕಚ್ಚಿಕೊಂಡಳು.

"ಸೇರ್ಕೊಂಡಿದೆ. ನಮ್ಮ ಮೇಷ್ಟ್ರು ಅದರ ಮೇಲೆ ಮುಕ್ಕಾಲು ಗಂಟೆ ಭಾಷಣ ಮಾಡಿದ್ರು. ಮನುಷ್ಯನ ಒಂಟಿತನ ಅಂತೆ."

ಲಿಫ್ಟಮ್ಮ ಹಾಸುಬಟ್ಟೆಯಲ್ಲೇ ಮುಖ ಮುಚ್ಚಿಕೊಂಡು ನಕ್ಕಳು. ನಕ್ಕು ನಕ್ಕು ಒಗೆದ ಬಟ್ಟೆ ಮತ್ತೆ ಒಗೆಯುವ ಹಾಗಾಯಿತು. ಕರಡಕ್ಕನೂ ನಕ್ಕಳು. ಆದರೆ ಬಂದ ಕೆಲಸ ಇನ್ನೂ ಬಾಕಿ ಇತ್ತು.

"ನಾನೊಂದು ತಪ್ಪು ಮಾಡಿದೀನಿ" ಎಂದಳು. "ನಿಮ್ಮ ಪುಟದ ಕೆಳಗೆ ಕೆಟ್ಟದಾಗಿ ಬರೆದಿದ್ದೆ. ತಿರುಗಿ ಓದೋ ತಾಳ್ಮೆ ಇಲ್ಲದೋರು ಬರೀಬಾರದು ಅನ್ನೋ ಹಾಗೆ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ನನ್ನಂಥೋರನ್ನ ಹೊಸಿಲಾಚೆ ನಿಲ್ಲಿಸಿದೋರನ್ನ ಬೈಕೊಂಡು ಬಂದೋಳು ನಾನು. ನಿಮ್ಮ ಹೊಸಿಲಲ್ಲಿ ನಾನೇ ದೊಣ್ಣೆ ಹಿಡ್ಕೊಂಡು ನಿಂತೆ. ಆ ಮಾತಿಗೇ ನೀವು ಬರೆಯೋದು ಬಿಟ್ರಿ ಅಂತ..."

ಜೀವ ಬಿಟ್ಟಿರಿ ಎಂದುಕೊಂಡೆ ಎಂದು ಎದುರಿಗೆ ನಿಂತವರಿಗೆ ಹೇಗೆ ಹೇಳುವುದು?

ಲಿಫ್ಟಮ್ಮ ಅವಳನ್ನೇ ದಿಟ್ಟಿಸಿದಳು. ಬೈಯುತ್ತಾಳೆ ಎಂದು ಕರಡಕ್ಕ ಬೆನ್ನು ಸೆಟೆಸಿ ನಿಂತಳು.

"ನಾನು ಅದನ್ನ ನೋಡೇ ಇಲ್ಲ ಅಕ್ಕಾ. ಓದಿದ್ರೆ ತಿದ್ದಬೇಕು ಅನ್ಸುತ್ತೆ, ತಿದ್ದೋಕೆ ಕೂತ್ರೆ ಕತೆ ಮುಂದಕ್ಕೆ ಹೋಗಲ್ಲ. ಹೇಳಿದ್ದನ್ನ ಹಾಗೇ ಕಳಿಸಿಬಿಡೋಳು. ಪುಟಕ್ಕೆ ಹಾಕೋರು ಬೇರೆ ಇದ್ರು."

"ಮತ್ತೆ ನಿಲ್ಲಿಸಿದ್ದು ಯಾಕೆ?"

"ಇದನ್ನ ಕೇಳಿ" ಎಂದು ಲಿಫ್ಟಮ್ಮ ಯಂತ್ರದ ಗುಂಡಿ ಒತ್ತಿದಳು. ಕೋಣೆ ಗುಡುಗಿತು. ಮತ್ತೆ ನಿಲ್ಲಿಸಿದಳು. "ಈ ಗದ್ದಲದಲ್ಲಿ ಒಂದು ದಿನ ಹೇಳಿ ನೋಡಿದೆ. ಮೊಬೈಲು ಒಂದು ಪುಟ ತುಂಬಾ 'ಗುರು ಗುರು ಗುರು' ಅಂತ ಬರ್ಕೊಂಡಿತ್ತು."

"ಅದನ್ನೂ ಹಾಕಬೇಕಿತ್ತು. ಮೇಷ್ಟ್ರು ಭಕ್ತಿಯ ಮೇಲೆ ಭಾಷಣ ಮಾಡ್ತಿದ್ರು."

ಈ ಸಲ ಇಬ್ಬರೂ ಒಟ್ಟಿಗೆ ನಕ್ಕರು. ಕರಡಕ್ಕನಿಗೆ ಹಸಿವಾಯಿತು. ಐದು ವಾರದಲ್ಲಿ ಮೊದಲ ಬಾರಿ, ನಿಜವಾದ ಹಸಿವು.

"ನಾಳೆಯಿಂದ ನಿಮ್ಮ ಊಟದ ಹೊತ್ತಿಗೆ ಬರ್ತೀನಿ" ಎಂದಳು. "ಎಲ್ಲಾದ್ರೂ ಸದ್ದಿಲ್ಲದ ಮೂಲೆ ನೋಡಿ ಕೂರೋಣ. ನೀವು ಹೇಳಿ, ನಾನು ಕೈಯಲ್ಲಿ ಬರ್ಕೋತೀನಿ. ಒಂದಕ್ಷರ ತಿದ್ದಲ್ಲ. ಬೇಕಾದ್ರೆ ಆಣೆ."

"ಕೆಂಪು ಪೆನ್ನು?"

"ಮನೇಲಿ ಬಿಟ್ಟು ಬರ್ತೀನಿ. ಆದ್ರೆ ಒಂದು ಮಾತು ಈಗಲೇ ಹೇಳಿಬಿಡಿ, ನನ್ನ ನಿದ್ದೆ ಹಾಳಾಗಿದೆ. ಆ ಎಂಟು ಬೀಗದ ಕೈ ಯಾವ ಬಾಗಿಲಿನವು?"

ಲಿಫ್ಟಮ್ಮನ ಮುಖ ಅರಳಿದ ಬಗೆಯನ್ನು ಕರಡಕ್ಕ ಮುಂದೆ ಎಷ್ಟೋ ಸಲ ನೆನೆದಳು. ತಾನು ಕಟ್ಟಿದ ಮನೆಯ ಬಾಗಿಲನ್ನು ಯಾರೋ ಮೊದಲ ಬಾರಿ ತಟ್ಟಿದಂತೆ.

"ಅದು ಮುಂದಿನ ಅಧ್ಯಾಯಕ್ಕೆ ಇಟ್ಟಿದೀನಿ. ಕಟ್ಟಿದ್ದಲ್ಲ ಅಕ್ಕಾ ಅದು, ಕಣ್ಣಾರೆ ಕಂಡಿದ್ದು. ಲಿಫ್ಟಿಗೆ ಬರೋಕೆ ಮುಂಚೆ ನಾನು ಮನೆಕೆಲಸಕ್ಕೆ ಹೋಗ್ತಾ ಇದ್ದೆ. ಪುಟ ಮಾಡಿಕೊಟ್ಟೋರಿಗೆ ಒಬ್ಬರಿಗೇ ಹೇಳಿದ್ದೆ ಮುಂದೇನಾಗುತ್ತೆ ಅಂತ. ಕೇಳಿ ಸುಮ್ಮನಾಗಿಬಿಟ್ರು. ಚೆನ್ನಾಗಿಲ್ಲವೇನೋ ಅಂದ್ಕೊಂಡೆ."

"ಚೆನ್ನಾಗೇ ಇರುತ್ತೆ. ಆದ್ರೆ ಮೂವತ್ತರಲ್ಲಿ ನೀವು ಹಾಗೆ ಬರೀಬಾರದಿತ್ತು. ನಮ್ಮ ಜೀವ ಬಾಯಿಗೆ ಬಂದಿತ್ತು."

"ಮೂವತ್ತಾ?" ಲಿಫ್ಟಮ್ಮ ಬಟ್ಟೆ ಕೆಳಗಿಟ್ಟಳು. "ನಾನು ಹೇಳಿದ್ದು ಇಪ್ಪತ್ತೊಂಬತ್ತೇ. ಅಷ್ಟಕ್ಕೇ ನನ್ನ ಲಿಫ್ಟ್ ಕಿತ್ಕೊಂಡ್ರು."

ಕರಡಕ್ಕ ಆ ಏಳು ಸಾಲು ತೆಗೆದು ಗಟ್ಟಿಯಾಗಿ ಓದಿದಳು. ಲಿಫ್ಟಮ್ಮ ಕತ್ತು ಓರೆಮಾಡಿ ಕೇಳಿದಳು, ಬೇರೆಯವರ ಬಟ್ಟೆ ತನ್ನ ಗಂಟಿನಲ್ಲಿ ಬಂದಾಗ ನೋಡುವಂತೆ.

"ಇದು ನನ್ನ ಮಾತೇ ಅಲ್ಲ. ಕಿಸೆಗನ್ನಡಿ ಅಂದ್ರೇನಕ್ಕಾ?"

"ಮೊಬೈಲು. ನಮ್ಮ ಬಳಗದಲ್ಲಿ..."

ಕರಡಕ್ಕ ಆ ಕೊನೆಯ ಸಾಲಿಗೆ ಬೆರಳಿಟ್ಟಳು.

ಐದು ವಾರದಲ್ಲಿ ಆ ಏಳು ಸಾಲನ್ನು ಎಷ್ಟು ಸಲ ಓದಿದ್ದಳೋ. ದೀರ್ಘ, ಒತ್ತು, ಕೊಂಬು ಎಲ್ಲ ನೋಡಿದ್ದಳು. ಬೇರೆ ಯಾರೇ ಓದಿದ್ದರೂ ಎಡವುತ್ತಿದ್ದ ಆ ಒಂದು ಮಾತು ಅವಳ ಕಣ್ಣಿಗೆ ಬಿದ್ದಿರಲಿಲ್ಲ. ಮನೆಯ ಮಾತು ಕಣ್ಣಿಗೆ ಹೇಗೆ ಬೀಳಬೇಕು? ಲೋಕದಲ್ಲಿ ಆ ಪದ ಬಳಸುವವರು ಐದೇ ಜನ, ತಾನೂ ಸೇರಿ.

"ಪುಟಕ್ಕೆ ಹಾಕ್ತಿದ್ದೋರು ಯಾರು?"

"ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದೀನಿ. ತಪ್ಪು ತಿಳೀಬೇಡಿ."

"ಬಿಳಿ ಗಡ್ಡದ ಮೇಷ್ಟ್ರಾ?"

"ನನಗೆ ಯಾವ ಮೇಷ್ಟ್ರೂ ಗೊತ್ತಿಲ್ಲ. ನಾನು ನಾಲ್ಕಕ್ಕೇ ಸ್ಕೂಲು ಬಿಟ್ಟೋಳು."

ಲಿಫ್ಟಮ್ಮ ಗಲಿಬಿಲಿಗೊಂಡು ತನ್ನ ಮೊಬೈಲು ತೆಗೆಯಲು ಕೋಟಿನ ಗುಂಡಿ ಬಿಚ್ಚಿದಳು. ಎಡ ಎದೆಯ ಒಳಭಾಗದಲ್ಲಿ ಒಂದು ಗುಟ್ಟಿನ ಕಿಸೆ ಇತ್ತು. ಬಾಯಿಗೆ ಹತ್ತಿರ, ಪಿಸುಮಾತು ಕೇಳುವಷ್ಟು ಹತ್ತಿರ, ಅಳೆದು ಓರೆಯಾಗಿ ಇಟ್ಟು ಹೊಲಿದದ್ದು. ಹೊಲಿಗೆಯೆಲ್ಲ ನೀಲಿ.

ಕೊನೆಯ ಗಂಟು ಕೆಂಪು.

ದಿನವಿಡೀ ಇಸ್ತ್ರಿಪೆಟ್ಟಿಗೆ ಹಿಡಿದು ಕೂರುವವಳಿಗೆ ಹಬೆ ಆಗುವುದಿಲ್ಲವೇ? ಎಲ್ಲಾ ಬಿಟ್ಟು ಈ ಆಸ್ಪತ್ರೆಯನ್ನೇ ಕೊನೆಗೆ ಇಡಬೇಕಿತ್ತೇ? ಸತ್ತಿಲ್ಲ ಎಂದು ಅಷ್ಟು ಖಚಿತವಾಗಿ ಹೇಳಲು, ಸತ್ತಿಲ್ಲವೆಂದು ಗೊತ್ತಿರಬೇಕಲ್ಲವೇ?

ಕರಡಕ್ಕ ಮಡಿಸಿದ ಬಟ್ಟೆಯನ್ನು ಲಿಫ್ಟಮ್ಮನ ಕೈಗಿಟ್ಟು, ಬಂದೆ ಎಂದು ಹೇಳಿ ಹೊರಗೆ ನಡೆದಳು.

ಬೆಂಚು ಖಾಲಿ ಇತ್ತು. ಅವಳ ಚೀಲ ಮಾತ್ರ ಅದರ ಮೇಲೆ ಅಂದವಾಗಿ ಕೂತಿತ್ತು. ಎದುರಿಗೆ ಲಿಫ್ಟಿನ ಬಾಗಿಲು ತೆರೆದಿತ್ತು. ಒಳಗೆ ನಾದಿನಿ, ಬೆರಳು ಗುಂಡಿಯ ಮೇಲೆ.

"ಅವಳನ್ನ ಬರೆಸಿದೋಳೂ ನೀನೇ" ಎಂದಳು ಕರಡಕ್ಕ. "ನಿಲ್ಲಿಸಿದೋಳೂ ನೀನೇ. ಐದು ವಾರ ನಾನು ಕೊರಗೋದನ್ನ ಪಕ್ಕದಲ್ಲೇ ಕೂತು ನೋಡಿದೆಯಲ್ಲೇ. ಯಾಕೇ?"

ನಾದಿನಿಯ ಮುಖದಲ್ಲಿ ಅಳುಕಿರಲಿಲ್ಲ. ಬಹಳ ದೂರ ಹೊತ್ತು ತಂದ ಹೊರೆ ಇಳಿಸಿದವರ ನಿರಾಳವಿತ್ತು.

"ನಿಮ್ಮ ಮಾತಿಂದ ಅವಳು ನಿಲ್ಲಿಸಲಿಲ್ಲ. ಆ ನೋವು ಬಿಟ್ಟುಬಿಡಿ, ಅದು ನನ್ನ ತಪ್ಪು" ಎಂದಳು. "ಆದ್ರೆ ಮೂವತ್ತೊಂದು ಬರೆಸಬೇಡಿ ಅತ್ತಿಗೆ. ಆ ಹೊಸಿಲಲ್ಲಿ ಕೂತು ಬೀಗದ ಕೈ ಎಣಿಸ್ತಿದ್ದೋಳು ನನ್ನ ಅಮ್ಮ, ನಿಮ್ಮ ಅತ್ತೆ. ನೀವು ಬೇರೆ ಮನೆ ಮಾಡಿದ ಮೇಲಿನ ಕತೆ ಅದು. ಆ ಎಂಟರಲ್ಲಿ ಒಂದು ಈಗಲೂ ನನ್ನ ಹತ್ರ ಇದೆ."

ಕರಡಕ್ಕ ಒಂದು ಹೆಜ್ಜೆ ಮುಂದಿಟ್ಟಳು.

"ಬಾಗಿಲು ಮುಚ್ಚುತ್ತಿದೆ" ಎಂದಿತು ತಲೆಯ ಮೇಲಿನ ದನಿ. "ದೂರ ನಿಲ್ಲಿ."